ಬೆಳೆ ತಿಂದಿದ್ದಕ್ಕೇ ಸೇಶೆಲ್ಸ್ ಗಿಣಿ ಅಳಿದು ಹೋಯಿತಾ? ಹಾಗಾದರೆ ನಮ್ಮ ಗಿಣಿ ಹೇಗೆ ಉಳಿಯಿತು?

ಬಿಳಿಜೋಳ, ಆಳಂದ ತಾಲೂಕು

ಎಲ್ಲರಿಗೂ ನಮಸ್ಕಾರ. ನನ್ನದು ಆಳಂದ ತಾಲೂಕಿನ ಒಂದು ಸಣ್ಣ ಹಳ್ಳಿ. ಏಳು ಎಕರೆ ಒಣ ಹೊಲ ಇದೆ. ನಾಲ್ಕರಲ್ಲಿ ತೊಗರಿ, ಮೂರರಲ್ಲಿ ಹಿಂಗಾರಿ ಬಿಳಿಜೋಳ. ಹಕ್ಕಿಗಳ ಬಗ್ಗೆ ಓದುವ ಹುಚ್ಚು ಮೊದಲಿಂದಲೂ ಇದೆ. ಆದರೆ ಓದಿದ್ದು ಪಿಯುಸಿವರೆಗೆ ಮಾತ್ರ. ಹಾಗಾಗಿ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಮೊನ್ನೆ ಸೇಶೆಲ್ಸ್ ಗಿಣಿಯ ಬಗ್ಗೆ ಓದಿದೆ. ಹಿಂದೂ ಮಹಾಸಾಗರದ ನಡುವೆ ಇರುವ ದ್ವೀಪಗಳಲ್ಲಿ ಮಾತ್ರ ಇದ್ದ ಹಸಿರು ಗಿಣಿ. ರೈತರ ಮೆಕ್ಕೆಜೋಳಕ್ಕೆ ಬೀಳುತ್ತಿತ್ತಂತೆ. ಅದಕ್ಕೇ ಹೊಡೆದರು, ಬಲೆ ಹಾಕಿ ಹಿಡಿದರು. 1906ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ. ಕಾರಣ ಹೇಳುತ್ತೇನೆ.

ನನಗಾಗ ಹನ್ನೊಂದು ವರ್ಷ. ಜೋಳ ಹಾಲುಗಾಳು ಹಿಡಿದಿತ್ತು, ಎಳ್ಳ ಅಮವಾಸ್ಯೆಗೆ ಇನ್ನು ಎಂಟೇ ದಿನ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹಕ್ಕಿ ಕಾಯುವ ಕೆಲಸ ನನ್ನದು. ಮಂಚಿಗೆ ಮೇಲೆ ಕೂತು ಡಬ್ಬಿ ಬಡಿಯಬೇಕು, ಕೂಗು ಹಾಕಬೇಕು, ದೂರ ಕೂತ ಹಿಂಡಿಗೆ ಕವಣೆ ಬೀಸಬೇಕು. ದಿನಾ ಬೀಸುತ್ತಿದ್ದೆ, ಯಾವತ್ತೂ ತಗುಲಿರಲಿಲ್ಲ. ಅವತ್ತು ತಗುಲಿತು.

ಓಡಿಹೋಗಿ ಸಾಲಿನ ಮಧ್ಯೆ ಹುಡುಕಿದೆ. ಗಂಡು ಗಿಣಿ. ಕೊರಳಲ್ಲಿ ಕರಿ ಪಟ್ಟಿ, ಅದರ ಹಿಂದೆ ಗುಲಾಬಿ ಉಂಗುರ. ಮೈಮೇಲೆ ರಕ್ತವೇ ಇರಲಿಲ್ಲ. ಕೊಕ್ಕಿನ ಅಂಚಿಗೆ ಹಸಿ ಜೋಳದ ಹಾಲು ಅಂಟಿತ್ತು, ಬೆಳ್ಳಗೆ. ಒಂದು ಕಾಲಿನ ಬೆರಳುಗಳು ಇನ್ನೂ ಮುಚ್ಚಿಕೊಂಡೇ ಇದ್ದವು. ಬಿಡಿಸಿದರೆ ಒಳಗೆ ಮೂರು ಕಾಳು. ಗಿಣಿ ಕಾಲಿನಿಂದ ಹಿಡಿದು ತಿನ್ನುತ್ತದೆ ಅಂತ ದಿನಾ ನೋಡುತ್ತಿದ್ದೆ. ಆದರೆ ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

ಅಪ್ಪ ಬೈಯಲಿಲ್ಲ. "ಓಡ್ಸು ಅಂದಿದ್ದೆ, ಕೊಲ್ಲು ಅಂದಿರಲಿಲ್ಲ" ಅಂದರು ಅಷ್ಟೇ. ಬನ್ನಿ ಗಿಡದ ಬುಡದಲ್ಲಿ ಗುಂಡಿ ತೆಗೆದು ಅವರೇ ಮುಚ್ಚಿದರು. ಅಮವಾಸ್ಯೆ ದಿನ ಚರಗ ಚೆಲ್ಲುವಾಗ ಆ ಜಾಗಕ್ಕೂ ಒಂದು ಹಿಡಿ ಭಜ್ಜಿ, ಕಡುಬು ಹಾಕಿದರು. ಅವತ್ತಿನಿಂದ ನಾನು ಕವಣೆ ಮುಟ್ಟಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮ ಕಡೆ ಅಜ್ಜ, ಮುತ್ತಜ್ಜನ ಕಾಲದಿಂದ ಗಿಣಿ ಜೋಳ ತಿನ್ನುತ್ತಲೇ ಇದೆ, ನಾವು ಓಡಿಸುತ್ತಲೇ ಇದ್ದೇವೆ. ಎಷ್ಟೋ ಸತ್ತಿರಬೇಕು. ಆದರೂ ಈ ವರ್ಷವೂ ಹಿಂಡುಗಟ್ಟಲೆ ಬಂದಿವೆ. ಅಲ್ಲಿ ಮಾತ್ರ ಯಾಕೆ ಪೂರ್ತಿ ಹೋದವು? ಬೆಳೆ ತಿಂದಿದ್ದಕ್ಕೆ ಹೊಡೆದದ್ದು ಒಂದೇ ಕಾರಣವಾ, ಬೇರೆ ಏನಾದರೂ ಇದೆಯಾ? ಆ ಗಿಣಿಗೂ ನಮ್ಮ ಗಿಣಿಗೂ ಏನಾದರೂ ಸಂಬಂಧ ಇದೆಯಾ?

ನಿವೃತ್ತ ಮಾಸ್ತರ್, ಕಲಬುರಗಿ

ತಮ್ಮಾ, ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟೆ. ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಕಡಿಮೆ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಜಾಗದ ಅಳತೆ ನೋಡು. ಸೇಶೆಲ್ಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪ ಮಹೆ. ಅದು ಸುಮಾರು 157 ಚದರ ಕಿಲೋಮೀಟರ್. ಉದ್ದ 27–28 ಕಿಲೋಮೀಟರ್. ನೀನು ಆಳಂದದಲ್ಲಿ ಬಸ್ ಹತ್ತಿ ಕಲಬುರಗಿ ಮುಟ್ಟುವುದರೊಳಗೆ ಆ ದ್ವೀಪ ಮುಗಿದು ಸಮುದ್ರ ಬಂದಿರುತ್ತದೆ. ಆ ಗಿಣಿ ಇದ್ದ ಇನ್ನೊಂದು ದ್ವೀಪ ಸಿಲುವೆಟ್. ಅದು ಇನ್ನೂ ಸಣ್ಣದು, ಸುಮಾರು 20 ಚದರ ಕಿಲೋಮೀಟರ್. ನಮ್ಮ ಕಲಬುರಗಿ ಜಿಲ್ಲೆ ಒಂದೇ ಹತ್ತಿರ ಹತ್ತಿರ 11 ಸಾವಿರ ಚದರ ಕಿಲೋಮೀಟರ್. ನಿನ್ನ ಹೊಲದಿಂದ ಓಡಿಸಿದ ಗಿಣಿ ಪಕ್ಕದ ಊರಿಗೆ ಹೋಗುತ್ತದೆ, ಅಲ್ಲಿಂದ ಅಕ್ಕಲಕೋಟೆ ಕಡೆ ಹೋಗುತ್ತದೆ. ಮಹೆಯಲ್ಲಿ ಓಡಿಸಿದರೆ ಎಲ್ಲಿಗೆ ಹೋಗಬೇಕು? ಸುತ್ತ ನೀರು.

ಎರಡನೆಯದು ಕಾಡು. ಹೊಡೆದದ್ದಕ್ಕಿಂತ ಇದು ದೊಡ್ಡ ಪೆಟ್ಟು ಅಂತ ನನ್ನ ಅನಿಸಿಕೆ. 1770ರವರೆಗೆ ಆ ದ್ವೀಪಗಳಲ್ಲಿ ಜನರೇ ನೆಲೆಸಿರಲಿಲ್ಲ. ಫ್ರೆಂಚರು ಬಂದರು, ಆಮೇಲೆ ಬ್ರಿಟಿಷರು. ಆಫ್ರಿಕಾದಿಂದ ಗುಲಾಮರನ್ನು ತಂದು ಹತ್ತಿ ಬೆಳೆಸಿದರು. 1835ರಲ್ಲಿ ಗುಲಾಮಗಿರಿ ನಿಂತಿತು. ಹತ್ತಿಗೆ ಬೇಕಾದಷ್ಟು ಆಳು ಸಿಗಲಿಲ್ಲ. ತೆಂಗಿಗೆ ಅಷ್ಟು ಆಳು ಬೇಡ, ಅಲ್ವಾ? ಹಾಗಾಗಿ ಕಾಡು ಕಡಿದು ತೆಂಗು ಹಾಕುತ್ತಾ ಹೋದರು. ಗಿಣಿಗಳ ಜಾತಿ ಎಂಥದು ಅಂತ ನಿನಗೇ ಗೊತ್ತು. ಅವು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಹಳೆ ಮರದ ಪೊಟರೆ ಬೇಕು. ಹಳೆ ಮರ ಹೋದರೆ ಹೊಟ್ಟೆ ತುಂಬಿದ್ದರೂ ಮರಿ ಮಾಡಲು ಜಾಗ ಇರುವುದಿಲ್ಲ. ಕಾಡಿನ ಹಣ್ಣು, ಬೀಜ ಇಲ್ಲದಾಗ ಮೆಕ್ಕೆಜೋಳಕ್ಕೆ ಬೀಳುವುದೂ ಸಹಜವೇ. ಬಿದ್ದ ಮೇಲೆ ರೈತ ಬಂದೂಕು ಹಿಡಿದ.

ಅದು ಎಷ್ಟು ಬೇಗ ಹೋಯಿತು ನೋಡು. 1811ರಲ್ಲಿ ಈ ಗಿಣಿ ಹೇರಳವಾಗಿ ಸಿಗುತ್ತಿತ್ತು. 1866ರಲ್ಲಿ ಎಡ್ವರ್ಡ್ ನ್ಯೂಟನ್ ಅಂತ ಮಾರಿಷಸ್‌ನ ಬ್ರಿಟಿಷ್ ಅಧಿಕಾರಿ ಅಲ್ಲಿಗೆ ಹೋದ. ಅವನಿಗೆ ಹಕ್ಕಿಗಳೆಂದರೆ ಬಹಳ ಆಸಕ್ತಿ. ಅಷ್ಟೊತ್ತಿಗೆ ಗಿಣಿ ಅಪರೂಪವಾಗಿತ್ತು. 1867ರಲ್ಲಿ ಅವನೇ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಆಗ ಸೇಶೆಲ್ಸ್‌ನಲ್ಲಿ ಆಡಳಿತ ನಡೆಸುತ್ತಿದ್ದ ಸ್ವಿನ್‌ಬರ್ನ್ ವಾರ್ಡ್‌ನ ನೆನಪಿಗೆ 'ವಾರ್ಡಿ' ಅಂತ ಇಟ್ಟ. ಅಂದರೆ ವಿಜ್ಞಾನಕ್ಕೆ ಅದರ ಪರಿಚಯ ಆಗುವಾಗಲೇ ಅದು ಹೊರಡುವುದಕ್ಕೆ ನಿಂತಿತ್ತು. 1893ರಲ್ಲಿ ಅಮೆರಿಕದ ವಿಲಿಯಂ ಅಬಾಟ್ ಮಹೆಯಲ್ಲಿ ಸಂಗ್ರಹಿಸಿದ್ದೇ ಕೊನೆಯ ಮಾದರಿ. ಇವತ್ತು ಇಡೀ ಜಗತ್ತಿನಲ್ಲಿ ಒಣಗಿಸಿ ಇಟ್ಟ ಹತ್ತು ಹಕ್ಕಿಗಳಿವೆ, ಅಷ್ಟೇ.

ಜೀವಂತ ಹಕ್ಕಿ ನೋಡಿ ಬರೆದ ಚಿತ್ರ ಒಂದಿದೆ. ಮೇರಿಯಾನ್ ನಾರ್ತ್ ಅಂತ ಇಂಗ್ಲೆಂಡಿನ ಚಿತ್ರಕಾರ್ತಿ ದೇಶ ದೇಶ ಸುತ್ತಿ ಗಿಡಮರಗಳ ಚಿತ್ರ ಬರೆದವರು. 1883ರಲ್ಲಿ ಸೇಶೆಲ್ಸ್‌ಗೆ ಹೋದಾಗ ಸಾಕಿದ ಒಂದು ಜೋಡಿ ಗಿಣಿಯನ್ನು ನೋಡಿ ಬರೆದರು. ನನ್ನ ಮೊಬೈಲಿನಲ್ಲಿ ಆ ಚಿತ್ರ ಇಟ್ಟುಕೊಂಡಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ.

ಇನ್ನು ಸಂಬಂಧದ ಪ್ರಶ್ನೆ. ಖಂಡಿತ ಇದೆ. ನಿನ್ನ ಜೋಳಕ್ಕೆ ಬರುವುದು ಉಂಗುರ ಕೊರಳಿನ ಸಾಮಾನ್ಯ ಗಿಣಿ. ನಮ್ಮ ದೇಶದಲ್ಲೇ ಅದಕ್ಕಿಂತ ದೊಡ್ಡದೊಂದು ಗಿಣಿ ಇದೆ. ದಪ್ಪ ಕೆಂಪು ಕೊಕ್ಕು, ರೆಕ್ಕೆ ಹೆಗಲಿಗೆ ಸೇರುವಲ್ಲಿ ಕೆಂಪು ಮಚ್ಚೆ. ಇಂಗ್ಲಿಷಿನಲ್ಲಿ ಅಲೆಕ್ಸಾಂಡ್ರೈನ್ ಅನ್ನುತ್ತಾರೆ. ಸೇಶೆಲ್ಸ್ ಗಿಣಿಗೂ ಅದೇ ಥರ ಹೆಗಲ ಮೇಲೆ ಕೆಂಪು ಮಚ್ಚೆ ಇತ್ತು. ಗುಲಾಬಿ ಉಂಗುರ ಮಾತ್ರ ಇರಲಿಲ್ಲ. ಸಂಗ್ರಹಾಲಯದ ಹಳೆ ಮಾದರಿಗಳಿಂದ ಡಿಎನ್‌ಎ ತೆಗೆದು ನೋಡಿದಾಗ ಈ ದೊಡ್ಡ ಗಿಣಿಯೇ ಅದಕ್ಕೆ ತೀರಾ ಹತ್ತಿರದ ಬಂಧು ಅಂತ ಗೊತ್ತಾಗಿದೆ.

ಇದೊಂದೇ ದ್ವೀಪದ ಕಥೆ ಅಂತಲೂ ತಿಳಿಯಬೇಡ. ಮಾರಿಷಸ್‌ನ ಪೂರ್ವಕ್ಕಿರುವ ರಾಡ್ರಿಗಸ್ ದ್ವೀಪದಲ್ಲಿ ಬೂದು ನೀಲಿ ಬಣ್ಣದ ಗಿಣಿ ಇತ್ತು. 1691ರಲ್ಲಿ ಅಲ್ಲಿಗೆ ಹೋಗಿ ಎರಡು ವರ್ಷ ಇದ್ದ ಲೆಗ್ವಾ ಎಂಬ ಫ್ರೆಂಚ್ ನಿರಾಶ್ರಿತ ಒಂದು ಗಿಣಿಗೆ ಮಾತು ಕಲಿಸಿದ್ದ. ಅದು ಫ್ರೆಂಚ್, ಫ್ಲೆಮಿಶ್ ಎರಡೂ ಆಡುತ್ತಿತ್ತಂತೆ. ಅದರ ಕೊನೆಯ ಮಾದರಿ ಸಿಕ್ಕಿದ್ದು 1875ರ ಆಗಸ್ಟ್‌ನಲ್ಲಿ. ಉಳಿದಿರುವುದು ಎರಡೇ ಎರಡು ಚರ್ಮ. ಎರಡೂ ಕೇಂಬ್ರಿಜ್‌ನಲ್ಲಿವೆ.

ಸೂರ್ಯಕಾಂತಿ, ಶಹಾಪುರ

ಮಾಸ್ತರ್ ಹೇಳಿದ್ದೆಲ್ಲ ಒಪ್ಪುತ್ತೇನೆ ಸರ್. ಆದರೆ ರೈತರ ಕಡೆಯಿಂದ ಒಂದು ಮಾತು ಹೇಳಲೇಬೇಕು. ಮೂರು ವರ್ಷದ ಹಿಂದೆ ನಾನು ಎರಡು ಎಕರೆ ಸೂರ್ಯಕಾಂತಿ ಹಾಕಿದ್ದೆ. ಸುತ್ತಮುತ್ತ ಬೇರೆ ಯಾರೂ ಹಾಕಿರಲಿಲ್ಲ. ಗಿಣಿಗೆ ಇದೊಂದೇ ಹೊಲ ಕಂಡಿತು. ತೆನೆ ಬಲಿಯುವ ಹೊತ್ತಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬರುತ್ತಿದ್ದವು. ತೆನೆ ಮೇಲೇ ಕೂತು ಅಂಚಿನಿಂದ ಒಂದೊಂದೇ ಕಾಳು ಬಿಡಿಸಿ, ಸಿಪ್ಪೆ ಕೆಳಗೆ ಉದುರಿಸಿ ತಿನ್ನುತ್ತವೆ. ಬುಡದಲ್ಲಿ ಕರಿ ಸಿಪ್ಪೆ ರಾಶಿ ಬಿದ್ದಿರುತ್ತದೆ. ರಾಶಿ ಮಾಡಿದಾಗ ಬೀಜ, ಗೊಬ್ಬರದ ಖರ್ಚೂ ಹುಟ್ಟಲಿಲ್ಲ. ಮನೆಯವಳು ಅವತ್ತು ಅತ್ತಳು. ನನ್ನ ಕೈಯಲ್ಲಿ ಬಂದೂಕು ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ.

ಅದಕ್ಕೇ ಆ ದ್ವೀಪದ ರೈತನನ್ನು ಕೆಟ್ಟವನು ಅಂತ ನನ್ನ ಬಾಯಿಂದ ಬರುವುದಿಲ್ಲ. ಅಲ್ಲಿದ್ದವರಲ್ಲಿ ಮೊನ್ನೆ ಮೊನ್ನೆ ಗುಲಾಮಗಿರಿಯಿಂದ ಬಿಡುಗಡೆ ಆದ ಜನ ಎಷ್ಟೋ ಇದ್ದರು. ಅವರ ಮಕ್ಕಳ ಹೊಟ್ಟೆಗೂ ಅದೇ ಮೆಕ್ಕೆಜೋಳ ಬೇಕಿತ್ತು. ಕಾಡು ಕಡಿಸಿದ್ದು ತೋಟದ ಧಣಿಗಳು, ಗಿಣಿ ಹೊಡೆದ ಹೆಸರು ಬಂದದ್ದು ರೈತನಿಗೆ.

ಬಿಳಿಜೋಳದ ಅಣ್ಣನಿಗೆ ಒಂದು ಮಾತು. ಈಗ ನಾನು ಊರಿನ ನಾಲ್ಕು ಜನರನ್ನು ಒಪ್ಪಿಸಿ ಒಂದೇ ವಾರದಲ್ಲಿ ಬಿತ್ತಿಸುತ್ತೇನೆ. ಹಕ್ಕಿ ಹಂಚಿಹೋಗುತ್ತವೆ, ಒಬ್ಬನ ಮೇಲೇ ಬೀಳುವುದಿಲ್ಲ. ಮಿಂಚುವ ರಿಬ್ಬನ್ ಕೂಡ ಕಟ್ಟಿ ನೋಡಿದ್ದೇನೆ. ಮೊದಲ ವಾರ ಹೆದರುತ್ತವೆ, ಆಮೇಲೆ ರೂಢಿ ಆಗುತ್ತದೆ. ತೆನೆ ಬಲಿಯುವ ಕೊನೆ ಹದಿನೈದು ದಿನಕ್ಕೆ ಅಂತ ಕಾದಿಟ್ಟು ಕಟ್ಟಿದರೆ ಸ್ವಲ್ಪ ಉಪಯೋಗ.

ಹುಮನಾಬಾದಿನವ

ಸರ್, ನಾನು ಕಟ್ಟಡದ ಕೆಲಸಕ್ಕೆ ಮಹೆಯಲ್ಲಿ ಎರಡು ವರ್ಷ ಇದ್ದೆ. ಎಲೆಕ್ಟ್ರಿಷಿಯನ್. ಆ ಊರಿನ ಹೆಸರು ಇಲ್ಲಿ ನೋಡಿ ಬರೆಯದೆ ಇರಲು ಆಗಲಿಲ್ಲ.

ಮಾಸ್ತರ್ ಹೇಳಿದ ಅಳತೆ ಅಲ್ಲಿ ನಿಂತರೇ ಸರಿಯಾಗಿ ಅರ್ಥ ಆಗುವುದು. ದ್ವೀಪದ ಬೆನ್ನಿನ ಮೇಲೆಲ್ಲ ಗ್ರಾನೈಟ್ ಬೆಟ್ಟ, 900 ಮೀಟರ್ ದಾಟುತ್ತದೆ. ಊರು, ರಸ್ತೆ ಎಲ್ಲ ಬುಡದ ಅಂಚಿನಲ್ಲಿ. ಸಮತಟ್ಟು ನೆಲ ಬಹಳ ಕಡಿಮೆ. ನಮ್ಮ ಹುಮನಾಬಾದಿನ ಕೆಂಪು ಮಣ್ಣಿನ ಬಯಲು ನೋಡಿ ಬೆಳೆದವನಿಗೆ ಮೊದಲ ವಾರ ಉಸಿರು ಕಟ್ಟಿದ ಹಾಗೆ ಆಗಿತ್ತು. ಯಾವ ಕಡೆ ನಡೆದರೂ ಸ್ವಲ್ಪ ಹೊತ್ತಿಗೆ ಸಮುದ್ರ.

ಇನ್ನೊಂದು ವಿಷಯ ಯಾರೂ ಬರೆದಿಲ್ಲ. ಅವರ ಗಿಣಿ ಹೋಗಿ ಎಷ್ಟೋ ವರ್ಷ ಆದ ಮೇಲೆ, 1970ರ ದಶಕದಲ್ಲಿ, ಮಹೆಯಲ್ಲಿ ಯಾರೋ ಪಂಜರದಲ್ಲಿ ಸಾಕಿದ್ದ ಉಂಗುರ ಕೊರಳಿನ ಗಿಣಿ ತಪ್ಪಿಸಿಕೊಂಡು ಹೋದವು. ನಮ್ಮ ಹೊಲಕ್ಕೆ ಬರುತ್ತದಲ್ಲ, ಅದೇ ಜಾತಿ. ಅಲ್ಲಿ ಮರಿ ಮಾಡಿ ನೂರುಗಟ್ಟಲೆ ಆದವು. ಪಕ್ಕದ ಪ್ರಾಲಿನ್ ದ್ವೀಪದಲ್ಲಿ ಸೇಶೆಲ್ಸ್‌ನ ಕಪ್ಪು ಗಿಣಿ ಇದೆ. ಅದು ಅವರ ರಾಷ್ಟ್ರಪಕ್ಷಿ. ಮರಿ ಮಾಡುವುದು ಆ ಒಂದೇ ದ್ವೀಪದಲ್ಲಿ. ನಮ್ಮ ಜಾತಿ ಗಿಣಿ ಅಲ್ಲಿಗೆ ಹಾರಿದರೆ ಪೊಟರೆಗೆ ಜಗಳ, ಜೊತೆಗೆ ರೋಗ. ಹಾಗಾಗಿ 2010ರ ಆಚೆ ಈಚೆ ಅವನ್ನು ತೆಗೆಯುವ ಕೆಲಸ ಶುರು ಮಾಡಿದರು. ಐನೂರಕ್ಕೂ ಹೆಚ್ಚು ಹೊಡೆದು ಪೂರ್ತಿ ಇಲ್ಲದ ಹಾಗೆ ಮಾಡಿದರು.

ಅಲ್ಲಿನ ಜೊತೆ ಕೆಲಸಗಾರರು ಇದನ್ನು ಹೇಳಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮೂರ ಹಕ್ಕಿ ಅನ್ನಿಸಿತು ನನಗೆ. ಆಮೇಲೆ ಒಂದು ರಜಾ ದಿನ ಬೋಟಿನಲ್ಲಿ ಪ್ರಾಲಿನ್‌ಗೆ ಹೋದೆ. ವಾಲೆ ದ ಮೆ ಅಂತ ಸಣ್ಣ ಕಾಡಿದೆ, ಎರಡು ಹೋಳು ಕೂಡಿದ ಹಾಗಿರುವ ದೊಡ್ಡ ಸಮುದ್ರ ತೆಂಗು ಅಲ್ಲಿಯದೇ. ಎರಡು ಗಂಟೆ ನಿಂತ ಮೇಲೆ ಸಿಳ್ಳೆ ಹಾಕಿದಂಥ ಕೂಗು ಕೇಳಿತು. ಕಪ್ಪು ಗಿಣಿ. ನಿಜ ಹೇಳಬೇಕೆಂದರೆ ಕಪ್ಪಲ್ಲ, ಸುಟ್ಟ ಸಜ್ಜೆ ರೊಟ್ಟಿ ಬಣ್ಣ. ಗರಿ ಎಲೆ ಮೇಲೆ ಬಾಯಿ ಹಾಕಿ ಏನೋ ಕೆರೆಯುತ್ತಿತ್ತು. ಅದನ್ನು ನೋಡಿದ ಮೇಲೆ ಅವರು ಮಾಡಿದ್ದು ಸರಿ ಅಂತ ನನಗೆ ಅನಿಸಿತು. ನಮ್ಮ ಗಿಣಿಗೆ ಇಡೀ ದೇಶ ಇದೆ. ಅದಕ್ಕೆ ಅದೊಂದೇ ಊರು.

ಅಷ್ಟೂರಿನಾಕಿ, ಬೀದರ್

ಅಣ್ಣಾವ್ರೆ, ಪೊಟರೆ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆ ಅಷ್ಟೂರಿನ ಬಹಮನಿ ಗುಮ್ಮಟಗಳಿಗೆ ಹತ್ತಿರ. ಸಿಡಿಲು ಬಡಿದು ಸೀಳಿದ ದೊಡ್ಡ ಗುಮ್ಮಟ ಇದೆಯಲ್ಲ, ಅದರ ಆಚೀಚೆಯ ಗೋಡೆಗಳ ತೂತಿನಲ್ಲಿ ಸಂಕ್ರಾಂತಿ ಮುಗಿದ ಮೇಲೆ ಗಿಣಿ ಜೋಡಿ ಜೋಡಿ ಓಡಾಡುತ್ತವೆ. ಹೆಣ್ಣು ಒಳಗೆ ಹೋಗಿ ತಲೆ ಮಾತ್ರ ಹೊರಗಿಟ್ಟು ಕೂರುತ್ತದೆ. ಗಂಡು ಬಂದು ಬಾಯಲ್ಲಿ ತುತ್ತು ಕೊಡುತ್ತದೆ. ಮರ ಇಲ್ಲದಿದ್ದರೂ ನಮ್ಮ ಕಡೆ ಹಳೆ ಗೋಡೆ ಇವೆ, ಕೋಟೆ ಇದೆ. ಆ ದ್ವೀಪದಲ್ಲಿ ಅದೂ ಇರಲಿಲ್ಲ ಅಲ್ವಾ?

ಇನ್ನೊಂದು, ಮರಿ ಹಿಡಿಯುವವರ ವಿಷಯ. ಪ್ರತಿ ವರ್ಷ ಏಣಿ ತರುವ ಹುಡುಗರು ಇರುತ್ತಾರೆ. ಗಿಣಿ ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮ್ಮ ಮನೆಯಲ್ಲೂ ನಾನು ಸಣ್ಣವಳಿದ್ದಾಗ ಒಂದಿತ್ತು, ಆಯಿ ಸಾಕಿದ್ದಳು. ಹಸಿಮೆಣಸಿನಕಾಯಿ ಕೊಟ್ಟರೆ ಬೀಜ ಮಾತ್ರ ತಿಂದು ಸಿಪ್ಪೆ ಪಂಜರದ ಹೊರಗೆ ಎಸೆಯುತ್ತಿತ್ತು. ಸಂಜೆ ಹಿಂಡು ಮನೆ ಮೇಲೆ ಹಾರಿ ಹೋಗುವಾಗ ತಂತಿ ಕಚ್ಚಿ ಹಿಡಿದು ಕೂಗುತ್ತಿತ್ತು. ಹಿಂಡು ಪೂರ್ತಿ ದಾಟಿ, ಸದ್ದು ನಿಂತು, ಕತ್ತಲಾಗುವವರೆಗೆ. ಅದನ್ನು ನೆನೆಸಿಕೊಂಡರೆ ಈಗಲೂ ಕಸಿವಿಸಿ ಆಗುತ್ತದೆ. ಆ ಹುಡುಗರಿಗೆ ನಾನು ಪ್ರತಿ ವರ್ಷ ಇದನ್ನೇ ಹೇಳಿ ವಾಪಸ್ ಕಳಿಸುತ್ತೇನೆ.

ಮಾಸ್ತರ್, ಒಂದು ಪ್ರಶ್ನೆ. ಹೋಗುವುದರಲ್ಲಿದ್ದು ಉಳಿದುಕೊಂಡ ದ್ವೀಪದ ಗಿಣಿ ಯಾವುದಾದರೂ ಇದೆಯಾ?

ನಿವೃತ್ತ ಮಾಸ್ತರ್, ಕಲಬುರಗಿ

ಇದೆ ತಂಗಿ. ಮಾರಿಷಸ್‌ನ ಎಕೋ ಗಿಣಿ. 1980ರ ದಶಕದಲ್ಲಿ ಹತ್ತು ಹನ್ನೆರಡಕ್ಕೆ ಇಳಿದಿತ್ತು. ಹೆಣ್ಣು ಮೂರೋ ನಾಲ್ಕೋ. ಕಾರ್ಲ್ ಜೋನ್ಸ್ ಮತ್ತು ಅವರ ಜೊತೆಯವರು ಗೂಡುಗಳನ್ನು ಕಾದರು. ಮರಕ್ಕೆ ಮರದ ಪೆಟ್ಟಿಗೆ ಕಟ್ಟಿ ಪೊಟರೆ ಒದಗಿಸಿದರು. ತಾಯಿಗೆ ಸಾಕಲು ಆಗದ ಮರಿಗಳನ್ನು ತಂದು ಕೈಯಾರೆ ಬೆಳೆಸಿ ಕಾಡಿಗೆ ಬಿಟ್ಟರು. ಈಗ ಏಳುನೂರಕ್ಕೂ ಹೆಚ್ಚಿವೆ. ಸೇಶೆಲ್ಸ್ ಗಿಣಿಗೆ 1866ರಲ್ಲಿ ಇಂಥ ನಾಲ್ಕು ಜನ ಸಿಕ್ಕಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಆದರೆ ಅಪರೂಪದ ಹಕ್ಕಿ ಕಂಡರೆ ಹೊಡೆದು ಚರ್ಮ ಸುಲಿದು ಸಂಗ್ರಹಕ್ಕೆ ಕಳಿಸುವುದೇ ಆ ಕಾಲದ ಪದ್ಧತಿ.

ಹುಮನಾಬಾದಿನ ತಮ್ಮ, ನೀನು ಬರೆದದ್ದು ಬಹಳ ಒಳ್ಳೆಯದಾಯಿತು. ಕಪ್ಪು ಗಿಣಿಯನ್ನು ಕಣ್ಣಾರೆ ಕಂಡವರು ನಮ್ಮ ಕಡೆ ಎಷ್ಟು ಜನ ಇದ್ದಾರು!

ಬಿಳಿಜೋಳ, ಆಳಂದ ತಾಲೂಕು

ಎಲ್ಲರಿಗೂ ಕೈಮುಗಿದೆ. ಒಂದು ಪ್ರಶ್ನೆಗೆ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಶಹಾಪುರದ ಅಣ್ಣ, ಒಂದೇ ವಾರದಲ್ಲಿ ಬಿತ್ತುವ ವಿಷಯ ನಮ್ಮೂರಲ್ಲೂ ಮಾತಾಡುತ್ತೇನೆ. ನಮ್ಮ ಮುತ್ಯಾ ಬದುವಿನ ಕಡೆಯ ಎರಡು ಸಾಲು ಹಕ್ಕಿಗೆ ಅಂತಲೇ ಬಿಡುತ್ತಿದ್ದರು. ಅಪ್ಪನ ಕಾಲಕ್ಕೆ ಅದು ನಿಂತಿತ್ತು. ಈ ಸಲ ನಾನು ಬಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಮಾಸ್ತರ್ ಹೇಳಿದ ಕೆಂಪು ಮಚ್ಚೆ ನೆನಪಿಟ್ಟುಕೊಂಡೇ ಹೊಲಕ್ಕೆ ಹೋದೆ. ಮೊದಲ ಹಿಂಡು ಸೂರ್ಯ ಹುಟ್ಟಿದ ಹತ್ತು ನಿಮಿಷಕ್ಕೆ ಬಂತು. ಕರೆಂಟ್ ತಂತಿ ಮೇಲೆ ಕೂತಾಗ ಎಣಿಸಿದೆ, 43. ಎಲ್ಲವೂ ಸಾಮಾನ್ಯ ಗಿಣಿಯೇ. ಆದರೆ ಬಾವಿ ಪಕ್ಕದ ಹಳೆ ಆಲದ ಮರದಲ್ಲಿ ಬೇರೆ ಎರಡು ಕೂತಿದ್ದವು. ಕೂಗು ದಪ್ಪ, ಗಂಟಲು ಕಟ್ಟಿದವರ ಹಾಗೆ. ಮೈಯೂ ದೊಡ್ಡದು ಅನಿಸಿತು. ಒಂದು ಹಾರುವಾಗ ರೆಕ್ಕೆ ಬುಡದಲ್ಲಿ ಕೆಂಪು ಕಂಡ ಹಾಗೆ ಆಯಿತು. ಎದುರು ಬಿಸಿಲಿತ್ತು, ಆಣೆ ಇಟ್ಟು ಹೇಳಲಾರೆ. ಅದೇ ಇರಬಹುದಾ ಮಾಸ್ತರ್?

ನಿವೃತ್ತ ಮಾಸ್ತರ್, ಕಲಬುರಗಿ

ಇರಬಹುದು! ಕೂಗು ದಪ್ಪ ಅಂದೆಯಲ್ಲ, ಅದೇ ಒಳ್ಳೆಯ ಗುರುತು. ನಾಳೆ ಬಿಸಿಲಿಗೆ ಬೆನ್ನು ಹಾಕಿ ನಿಂತು ನೋಡು. ಕೂತಾಗ ಹೆಗಲ ಮಚ್ಚೆ ಮತ್ತು ಕೊಕ್ಕಿನ ದಪ್ಪ, ಇವೆರಡು ಸಾಕು. ಮರದ ಬುಡಕ್ಕೆ ಹೋಗಬೇಡ, ಬಾವಿ ಕಟ್ಟೆ ಹತ್ತಿರವೇ ಕೂತಿರು. ನಾಡಿದ್ದು ಭಾನುವಾರ ನಾನೇ ಬೆಳಗಿನ ಬಸ್ಸಿಗೆ ಬರುತ್ತೇನೆ, ದುರ್ಬೀನು ತರುತ್ತೇನೆ. ಯಾವ ಸ್ಟಾಪಿನಲ್ಲಿ ಇಳಿಯಬೇಕು, ಮೆಸೇಜ್ ಹಾಕು.